21 ಮಕ್ಕಳ ಮತ ಸಿಗದವನು ಗೆದ್ದದ್ದು ಹೇಗೆ?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ ಹತ್ತು ವರ್ಷ. ಹೋದ ವಾರ ಅವಳ ತರಗತಿಯಲ್ಲಿ ಲೀಡರ್ ಆಯ್ಕೆಗೆ ಚುನಾವಣೆ ನಡೆಯಿತು. ಒಟ್ಟು 34 ಮಕ್ಕಳು, ಮೂವರು ಅಭ್ಯರ್ಥಿಗಳು. ಟೀಚರ್ ಒಬ್ಬೊಬ್ಬರ ಹೆಸರು ಕರೆದಂತೆ ಮಕ್ಕಳು ಕೈ ಎತ್ತಿದರು. ಒಬ್ಬ ಹುಡುಗನಿಗೆ 13, ಇನ್ನೊಬ್ಬಳಿಗೆ 11, ನನ್ನ ಮಗಳಿಗೆ 10 ಮತ ಬಂತು. ಹುಡುಗ ಲೀಡರ್ ಆದ. ಮಗಳು ಮನೆಗೆ ಬಂದು ಅತ್ತಳು, ಅದು ಒಂದು ದಿನಕ್ಕೆ ಮುಗಿಯಿತು. ಅವಳ ಪ್ರಶ್ನೆಗಳು ಮುಗಿಯುತ್ತಿಲ್ಲ. ‘21 ಜನಕ್ಕೆ ಅವನು ಬೇಡ, ಆದರೂ ಅವನೇ ಹೇಗೆ ಗೆದ್ದ?’ ‘ನನ್ನ ಗೆಳತಿ ಎಲ್ಲರ ಮುಖ ನೋಡಿ ಅವನಿಗೆ ಕೈ ಎತ್ತಿದಳು, ಅದು ಸರಿಯಾ?’ ‘ಅವನು ಹಿಂದಿನ ದಿನ ಪೆನ್ಸಿಲ್ ಹಂಚಿದ, ಅದಕ್ಕೇ ಗೆದ್ದದ್ದು ಅಲ್ವಾ?’ ಈಗ ‘ಚುನಾವಣೆ ಅಂದ್ರೆ ಬರೀ ಮೋಸ’ ಅನ್ನುತ್ತಾಳೆ. ಮಕ್ಕಳಿಗೆ ರಾಜಕೀಯ ಬೇಡ ಎಂದು ಅವಳ ತಾತ ಹೇಳುತ್ತಾರೆ. ಲೋಕ ಇರುವುದೇ ಹೀಗೆ, ಕಲಿಯಲಿ ಬಿಡು ಎಂದು ನನ್ನ ಗಂಡ ಹೇಳುತ್ತಾರೆ. ಮುಂದಿನ ಚುನಾವಣೆಯನ್ನು ಇನ್ನೂ ಚೆನ್ನಾಗಿ ನಡೆಸಲು ಸಲಹೆ ಕೊಡಿ ಎಂದು ಟೀಚರ್ ನನ್ನನ್ನೇ ಕೇಳಿದ್ದಾರೆ. ನನ್ನದೇ ರಾಜಕೀಯ ಅಭಿಪ್ರಾಯವನ್ನು ಮಗಳ ತಲೆಗೆ ತುಂಬಿಬಿಡುತ್ತೇನೋ ಎಂಬ ಭಯವೂ ಇದೆ. ಆರು ವರ್ಷದ ಮಗನೂ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಾನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ನೀವು ಹಲವು ಪ್ರಶ್ನೆ ಕೇಳಿದ್ದೀರಿ. ಎಲ್ಲದರ ಬುಡದಲ್ಲಿರುವ ಆತಂಕ ಒಂದೇ ಅಂತ ನನಗೆ ತೋರುತ್ತದೆ. ಹತ್ತನೇ ವಯಸ್ಸಿಗೇ ಮಗು ‘ಇದೆಲ್ಲ ಮೋಸ’ ಎಂಬ ತೀರ್ಮಾನಕ್ಕೆ ಬಂದುಬಿಟ್ಟರೆ, ಮತದಾನದ ಬಗ್ಗೆ ಅದಕ್ಕೆ ಮುಂದೆ ಏನು ಹೇಳಿಕೊಟ್ಟರೂ ನಾಟುವುದಿಲ್ಲವಲ್ಲ ಎಂಬುದು. ನಿಮ್ಮ ಆತಂಕಕ್ಕೆ ಕಾರಣವಿದೆ. ಶಾಲೆಗಳಲ್ಲಿ ಮಕ್ಕಳ ಚುನಾವಣೆ ನಡೆಸುವುದು, ಅದನ್ನು ನಡೆಸುವ ಶಿಕ್ಷಕರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಅಲ್ಲಿ ನಾನು ಕಂಡದ್ದು ಇಷ್ಟು: ಗೆದ್ದ ಮಗು ಚುನಾವಣೆಯಿಂದ ಕಲಿಯುವುದು ಸ್ವಲ್ಪ, ನಿಜವಾದ ಪಾಠ ಆಗುವುದು ಸೋತ ಮಗುವಿಗೆ. ಆ ಪಾಠ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಸೋತ ದಿನದಿಂದ ಮುಂದಿನ ಕೆಲವು ವಾರಗಳಲ್ಲಿ ದೊಡ್ಡವರು ಹೇಗೆ ಮಾತಾಡುತ್ತಾರೆ ಎಂಬುದು ಅದನ್ನು ತೀರ್ಮಾನಿಸುತ್ತದೆ.

ಮೊದಲು ಅವಳ 21ರ ಲೆಕ್ಕಕ್ಕೆ ಬರೋಣ. ‘ನಿನ್ನ ಪ್ರಶ್ನೆ ಸರಿಯಾಗಿದೆ, ದೊಡ್ಡ ದೊಡ್ಡ ಗಣಿತಜ್ಞರು ಇದನ್ನೇ ಕೇಳಿದ್ದಾರೆ’ ಎಂದು ಅವಳಿಗೆ ಹೇಳಿ. ಇದು ಸಮಾಧಾನದ ಮಾತಲ್ಲ, ನಿಜ. ಅವಳ ತರಗತಿ ಅನುಸರಿಸಿದ ನಿಯಮ ‘ಉಳಿದವರೆಲ್ಲರಿಗಿಂತ ಹೆಚ್ಚು ಮತ ಯಾರಿಗೋ ಅವರು ಗೆದ್ದಂತೆ’ ಎಂಬುದು. ಭಾರತದ ಲೋಕಸಭೆಗೆ, ಬ್ರಿಟನ್ನಿನ ಸಂಸತ್ತಿಗೆ, ಕೆನಡಾದ ಸಂಸತ್ತಿಗೆ ಸದಸ್ಯರು ಆರಿಸಿ ಬರುವುದೂ ಇದೇ ನಿಯಮದಲ್ಲಿ. ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕೇ ಬೇಕು ಎಂದು ಬಹಳಷ್ಟು ಮಕ್ಕಳು ತಿಳಿದಿರುತ್ತಾರೆ, ದೊಡ್ಡವರಲ್ಲೂ ಹಲವರು ಹಾಗೇ ತಿಳಿದಿದ್ದಾರೆ. ಈ ನಿಯಮದಲ್ಲಿ ಅದು ಬೇಕಿಲ್ಲ. ಇಬ್ಬರೇ ನಿಂತಾಗ ಎರಡೂ ಒಂದೇ ಆಗುತ್ತದೆ. ಮೂರನೆಯವರು ಬಂದ ಕೂಡಲೇ ಬೇರೆಯಾಗುತ್ತದೆ.

ಆದರೆ ಅವಳ ಮಾತಿನಲ್ಲಿ ಒಂದು ತಿದ್ದುಪಡಿಯನ್ನೂ ಮಾಡಬೇಕು. 21 ಮಕ್ಕಳಿಗೆ ಆ ಹುಡುಗ ‘ಬೇಡ’ವಾಗಿದ್ದ ಎನ್ನುವುದು ನಮಗೆ ಗೊತ್ತಿಲ್ಲ. ಅವರಿಗೆ ಬೇರೊಬ್ಬರು ಹೆಚ್ಚು ಇಷ್ಟವಿದ್ದರು, ಅಷ್ಟೇ ಗೊತ್ತು. ಅವರ ಎರಡನೇ ಆಯ್ಕೆ ಯಾರೆಂದು ಯಾರೂ ಕೇಳಲಿಲ್ಲ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮೇಜಿನ ಮೇಲೆ ಮಾಡಿ ತೋರಿಸಿ. 34 ಚೀಟಿಗಳನ್ನು 13, 11, 10 ಎಂದು ಮೂರು ಗುಂಪು ಮಾಡಿ. ಈಗ ಮಗಳಿಗೆ ಹೇಳಿ: ‘ನೀನು ನಿಂತೇ ಇರಲಿಲ್ಲ ಅಂದುಕೊ. ನಿನ್ನ ಹತ್ತು ಮತ ಎಲ್ಲಿಗೆ ಹೋಗುತ್ತಿತ್ತು?’ ಎಂಟು ಆ ಹುಡುಗಿಗೆ, ಎರಡು ಹುಡುಗನಿಗೆ ಹೋದರೆ 19ಕ್ಕೆ 15, ಹುಡುಗಿ ಗೆಲ್ಲುತ್ತಾಳೆ. ನಾಲ್ಕು ಹುಡುಗಿಗೆ, ಆರು ಹುಡುಗನಿಗೆ ಹೋದರೆ 15ಕ್ಕೆ 19, ಹುಡುಗನೇ ಗೆಲ್ಲುತ್ತಾನೆ. ಮೊದಲ ಲೆಕ್ಕವನ್ನೇ ನೋಡಿ: ಮಕ್ಕಳ ಮನಸ್ಸಿನಲ್ಲಿ ಇದ್ದದ್ದು ಅದೇ, ಮೂವರ ಬದಲು ಇಬ್ಬರ ನಡುವೆ ಎಣಿಸಿದಾಗ ಫಲಿತಾಂಶ ಬದಲಾಯಿತು. ಹತ್ತು ವರ್ಷದ ಮಗುವಿಗೆ ಇದು ಕಣ್ಣೆದುರು ಕಂಡ ಕ್ಷಣ ಮೋಸದ ಮಾತು ಹಿಂದೆ ಸರಿದು ಕುತೂಹಲ ಮುಂದೆ ಬರುತ್ತದೆ. ನಾನು ಕೆಲಸ ಮಾಡಿದ ತರಗತಿಗಳಲ್ಲೆಲ್ಲ ಮಕ್ಕಳು ಕೇಳುವ ಮುಂದಿನ ಪ್ರಶ್ನೆ ಒಂದೇ: ‘ಹಾಗಾದರೆ ಸರಿಯಾದ ನಿಯಮ ಯಾವುದು?’

ಇದಕ್ಕೆ ಉತ್ತರವಾಗಿ ನಾನು ಎರಡು ನಿಜವಾದ ಚುನಾವಣೆಗಳ ಕಥೆ ಹೇಳುತ್ತೇನೆ. ಫ್ರಾನ್ಸಿನಲ್ಲಿ ಅಧ್ಯಕ್ಷರಾಗಲು ಅರ್ಧಕ್ಕಿಂತ ಹೆಚ್ಚು ಮತ ಬೇಕು. ಮೊದಲ ಸುತ್ತಿನಲ್ಲಿ ಯಾರಿಗೂ ಅಷ್ಟು ಬರದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು. 2002ರಲ್ಲಿ ಜಾಕ್ ಶಿರಾಕ್ ಅವರಿಗೆ ಮೊದಲ ಸುತ್ತಿನಲ್ಲಿ ಬಂದದ್ದು ನೂರಕ್ಕೆ 20ರಷ್ಟೂ ಅಲ್ಲ. ಎರಡನೇ ಸ್ಥಾನಕ್ಕೆ ಬಂದದ್ದು ತೀವ್ರ ಬಲಪಂಥದ ಜಾನ್ ಮರಿ ಲೆಪೆನ್. ಬೇರೆಯವರಿಗೆ ಮತ ಹಾಕಿದ್ದವರಲ್ಲಿ ಬಹುಪಾಲು ಜನ ಎರಡನೇ ಸುತ್ತಿನಲ್ಲಿ ಒಟ್ಟಾಗಿ ಶಿರಾಕ್ ಅವರಿಗೆ ಹಾಕಿದರು. ಅವರು ನೂರಕ್ಕೆ 82ರಷ್ಟು ಮತ ಪಡೆದು ಗೆದ್ದರು. ಎರಡು ವಾರಗಳ ಅಂತರದಲ್ಲಿ ಅದೇ ದೇಶ, ಬಹುಮಟ್ಟಿಗೆ ಅದೇ ಮತದಾರರು. ಇನ್ನೊಂದು ಘಾನಾ ದೇಶದ್ದು. 2008ರಲ್ಲಿ ಅಲ್ಲಿ ನಾನಾ ಅಕುಫೋ-ಅಡ್ಡೊ ಮೊದಲ ಸುತ್ತಿನಲ್ಲಿ ನೂರಕ್ಕೆ 49ಕ್ಕೂ ಹೆಚ್ಚು ಮತ ಪಡೆದು ಎಲ್ಲರಿಗಿಂತ ಮುಂದಿದ್ದರು. ಅಲ್ಲೂ ಅರ್ಧ ದಾಟಬೇಕು ಎಂಬ ನಿಯಮ. ಎರಡನೇ ಸುತ್ತಿನಲ್ಲಿ ಒಂದು ಶೇಕಡಾಕ್ಕಿಂತ ಕಡಿಮೆ ಅಂತರದಲ್ಲಿ ಸೋತರು. ನಿಮ್ಮ ಮಗಳ ತರಗತಿಯ ನಿಯಮ ಘಾನಾದಲ್ಲಿದ್ದಿದ್ದರೆ ಅವರು ಮೊದಲ ಸುತ್ತಿನಲ್ಲೇ ಅಧ್ಯಕ್ಷರಾಗಿರುತ್ತಿದ್ದರು. ಅವರ ಕಥೆ ಇಲ್ಲಿಗೆ ಮುಗಿಯುವುದಿಲ್ಲ, ಮತ್ತೆ ಬರುತ್ತೇನೆ.

ಅವಳಿಗೆ ಲೆಕ್ಕ ಇಷ್ಟವಿದ್ದರೆ ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಮೂವರು ಮಕ್ಕಳು ಮೂರು ಆಟಗಳನ್ನು ಇಷ್ಟದ ಕ್ರಮದಲ್ಲಿ ಬರೆಯಲಿ. ಒಬ್ಬಳದ್ದು ಖೋಖೋ, ಲಗೋರಿ, ಚೆಸ್. ಇನ್ನೊಬ್ಬನದ್ದು ಲಗೋರಿ, ಚೆಸ್, ಖೋಖೋ. ಮತ್ತೊಬ್ಬಳದ್ದು ಚೆಸ್, ಖೋಖೋ, ಲಗೋರಿ. ಎರಡೆರಡನ್ನು ಹೋಲಿಸಿ ನೋಡಿದರೆ ಖೋಖೋ ಲಗೋರಿಯನ್ನು 2-1ರಲ್ಲಿ ಸೋಲಿಸುತ್ತದೆ, ಲಗೋರಿ ಚೆಸ್ಸನ್ನು 2-1ರಲ್ಲಿ, ಚೆಸ್ ಖೋಖೋವನ್ನು 2-1ರಲ್ಲಿ. ಗೆದ್ದದ್ದು ಯಾವುದು? ಯಾವುದೂ ಅಲ್ಲ, ಸುತ್ತುತ್ತಲೇ ಇರುತ್ತದೆ. ಫ್ರಾನ್ಸಿನ ಕಾಂಡೋರ್ಸೆ ಎಂಬ ಗಣಿತಜ್ಞರು ಇದನ್ನು 1785ರಲ್ಲೇ ಗುರುತಿಸಿದ್ದರು. ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಾಗ, ಎಲ್ಲರೂ ಕ್ರಮಾಂಕ ಕೊಡುವ ಪದ್ಧತಿಗಳಲ್ಲಿ ನ್ಯಾಯವೆನಿಸುವ ಎಲ್ಲ ಶರತ್ತುಗಳನ್ನೂ ಒಟ್ಟಿಗೆ ಪೂರೈಸುವಂಥದ್ದು ಇರಲು ಸಾಧ್ಯವೇ ಇಲ್ಲ ಎಂದು 1951ರಲ್ಲಿ ಕೆನೆತ್ ಆ್ಯರೋ ಎಂಬ ಅರ್ಥಶಾಸ್ತ್ರಜ್ಞರು ತರ್ಕಬದ್ಧವಾಗಿ ತೋರಿಸಿದರು. ಅಂದರೆ ಯಾವ ನಿಯಮ ಇಟ್ಟರೂ ಯಾರಿಗಾದರೂ ಅದು ಅನ್ಯಾಯವೆನಿಸುವ ಸಂದರ್ಭ ಬಂದೇ ಬರುತ್ತದೆ. ಅದಕ್ಕೇ ನಿಯಮವನ್ನು ಮತದಾನಕ್ಕೆ ಮೊದಲೇ, ಯಾರು ಗೆಲ್ಲುತ್ತಾರೆಂದು ಯಾರಿಗೂ ಗೊತ್ತಿಲ್ಲದಾಗ, ಎಲ್ಲರೂ ಕೂತು ಒಪ್ಪಿಕೊಳ್ಳಬೇಕು. ಎಣಿಕೆ ಮುಗಿದ ಮೇಲೆ ‘ಬೇರೆ ನಿಯಮದಲ್ಲಿ ಎಣಿಸೋಣ’ ಎನ್ನುವಂತಿಲ್ಲ. ಮುಂದಿನ ಸಲಕ್ಕೆ ನಿಯಮ ಬದಲಿಸೋಣ ಎಂದು ಧಾರಾಳವಾಗಿ ಕೇಳಬಹುದು. ನ್ಯೂಜಿಲೆಂಡ್ ಜನ ಹಾಗೇ ಮಾಡಿದರು. ನಮ್ಮ ಹಳೆಯ ಪದ್ಧತಿ ಬೇಡ ಎಂದು 1993ರಲ್ಲಿ ಜನಮತದ ಮೂಲಕ ತೀರ್ಮಾನಿಸಿ, ಪಕ್ಷಗಳಿಗೆ ಬಂದ ಮತದ ಪ್ರಮಾಣಕ್ಕೆ ತಕ್ಕಂತೆ ಸ್ಥಾನ ಸಿಗುವ ಪದ್ಧತಿಯನ್ನು 1996ರ ಚುನಾವಣೆಯಿಂದ ಜಾರಿಗೆ ತಂದರು.

ನಿಮ್ಮ ಮಗಳಿಗೆ ಹೇಳಬೇಕಾದದ್ದೂ ಇದೇ. ಆ ಹುಡುಗ ಗೆದ್ದದ್ದು ಆ ದಿನದ ನಿಯಮದ ಪ್ರಕಾರ ಸರಿ. ನಿಯಮ ಚೆನ್ನಾಗಿಲ್ಲ ಎಂದು ನಿನಗೆ ಅನಿಸಿದರೆ ಅದೂ ಸರಿ, ಟೀಚರ್ ಹತ್ತಿರ ಹೋಗಿ ಹೇಳು.

ಈಗ ಕೈ ಎತ್ತುವ ವಿಚಾರ, ಪೆನ್ಸಿಲ್ ವಿಚಾರ. ಎರಡೂ ಬೇರೆ ಬೇರೆ ಎಂದು ಕಾಣುತ್ತದೆ, ಆದರೆ ಎರಡಕ್ಕೂ ಮದ್ದು ಒಂದೇ, ಗುಟ್ಟಿನ ಮತ. ಎಲ್ಲರೆದುರು ಕೈ ಎತ್ತುವುದೇ ಪ್ರಾಮಾಣಿಕತೆ, ಮುಚ್ಚಿಟ್ಟು ಹಾಕುವುದರಲ್ಲಿ ಏನೋ ಕಳ್ಳತನವಿದೆ ಎಂದು ಕೆಲವು ಶಿಕ್ಷಕರು ನನ್ನೊಡನೆ ವಾದಿಸಿದ್ದಾರೆ. ಸ್ವಿಟ್ಜರ್ಲೆಂಡಿನ ಗ್ಲಾರುಸ್‌ನಂಥ ಒಂದೆರಡು ಕಡೆ ಇಂದಿಗೂ ಜನ ಬಯಲಲ್ಲಿ ಸೇರಿ ಕೈ ಎತ್ತಿ ತೀರ್ಮಾನ ಮಾಡುತ್ತಾರೆ ಎಂಬುದು ನಿಜ. ಆದರೆ ಹತ್ತು ವರ್ಷದ ಮಕ್ಕಳ ಮಧ್ಯೆ ಕೈ ಎತ್ತುವುದೆಂದರೆ, ಯಾರು ಯಾರ ಕಡೆ ಎಂದು ಬಹಿರಂಗವಾಗಿ ಘೋಷಿಸಿದಂತೆ. ನಿಮ್ಮ ಮಗಳ ಗೆಳತಿ ಮುಖ ನೋಡಿದ್ದು ಸಹಜ. ನಾಳೆ ಆಟಕ್ಕೆ ಸೇರಿಸಿಕೊಳ್ಳದಿದ್ದರೆ ಎಂಬ ಭಯ ಆ ವಯಸ್ಸಿನಲ್ಲಿ ಸಣ್ಣದಲ್ಲ. ಆ ಹುಡುಗಿಯನ್ನು ಮೋಸಗಾತಿ ಎಂದು ಮಗಳು ತಿಳಿಯದಂತೆ ನೋಡಿಕೊಳ್ಳಿ. ಗೆಳತಿಯಾದ ಮಾತ್ರಕ್ಕೆ ಮತ ಕೊಡಲೇಬೇಕು ಎಂದೇನೂ ಇಲ್ಲ, ಮತ ಕೊಡದ ಮಾತ್ರಕ್ಕೆ ಸ್ನೇಹ ಮುಗಿಯುವುದೂ ಇಲ್ಲ. ಇದನ್ನು ಒಂದೇ ಸಲ ಹೇಳಿದರೆ ಸಾಲದು.

ದೊಡ್ಡವರ ಲೋಕಕ್ಕೂ ಇದು ಬಹಳ ತಡವಾಗಿ ಅರ್ಥವಾಯಿತು. ಬ್ರಿಟನ್ನಿನಲ್ಲಿ 1872ರವರೆಗೆ ಮತದಾರ ಎಲ್ಲರೆದುರು ತನ್ನ ಅಭ್ಯರ್ಥಿಯ ಹೆಸರು ಹೇಳಬೇಕಿತ್ತು. ಯಾರು ಯಾರಿಗೆ ಹಾಕಿದರು ಎಂಬ ಪುಸ್ತಕಗಳು ಅಚ್ಚಾಗುತ್ತಿದ್ದವು. ಜಮೀನಿನ ಒಡೆಯ ಹೇಳಿದವರಿಗೆ ಹಾಕದಿದ್ದರೆ ಗೇಣಿದಾರನ ಗತಿ ಏನಾಗುತ್ತಿತ್ತು ಎಂದು ಮಕ್ಕಳಿಗೇ ಊಹಿಸಲು ಬಿಡಿ, ಚೆನ್ನಾಗಿ ಊಹಿಸುತ್ತಾರೆ. ಸರ್ಕಾರವೇ ಅಚ್ಚು ಹಾಕಿಸಿದ ಮತಪತ್ರ ಪಡೆದು, ಮರೆಯಲ್ಲಿ ಗುರುತು ಹಾಕಿ, ಪೆಟ್ಟಿಗೆಗೆ ಹಾಕುವ ಪದ್ಧತಿ 1856ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಮತ್ತು ದಕ್ಷಿಣ ಆಸ್ಟ್ರೇಲಿಯಾ ವಸಾಹತುಗಳಲ್ಲಿ ಶುರುವಾಯಿತು. ಗುಟ್ಟಿನ ಮತದಿಂದ ಹೆದರಿಸುವವನ ಬಲ ಹೋಗುತ್ತದೆ, ಲಂಚ ಕೊಡುವವನ ಬಲವೂ ಹೋಗುತ್ತದೆ. ಪೆನ್ಸಿಲ್ ಕೊಟ್ಟವನು ‘ನನಗೇ ಹಾಕಿದೆಯಾ’ ಎಂದು ಪರೀಕ್ಷಿಸಿ ನೋಡುವಂತಿಲ್ಲ. ನೋಡಲಾಗದ ಮೇಲೆ ಪೆನ್ಸಿಲ್ ಕೊಟ್ಟು ಪ್ರಯೋಜನವೇನು? ಈ ಪ್ರಶ್ನೆಯನ್ನು ಮಗಳ ಮುಂದಿಟ್ಟು ಸುಮ್ಮನಿರಿ. ಅವಳೇ ಉತ್ತರ ಕಂಡುಕೊಳ್ಳಲಿ. ಹಾಗೆಂದು ಲಂಚ ತಪ್ಪಲ್ಲ ಎಂದಲ್ಲ. ‘ಗೆದ್ದರೆ ಗ್ರಂಥಾಲಯದ ಅವಧಿ ಹೆಚ್ಚು ಮಾಡಿಸಲು ಕೇಳುತ್ತೇನೆ’ ಎನ್ನುವುದು ಎಲ್ಲರಿಗೂ ಕೊಟ್ಟ ಭರವಸೆ, ಸೋತವರಿಗೆ ಹಾಕಿದವರಿಗೂ ಅದರ ಲಾಭ ಸಿಗುತ್ತದೆ. ಮತ ಹಾಕಬೇಕಾದವನ ಕೈಗೆ ಇಡುವ ಪೆನ್ಸಿಲ್ ಅವನೊಬ್ಬನಿಗೆ ಕೊಟ್ಟ ಬೆಲೆ. ಈ ವ್ಯತ್ಯಾಸ ಹತ್ತು ವರ್ಷದವರಿಗೆ ಖಂಡಿತ ಅರ್ಥವಾಗುತ್ತದೆ.

ಇಲ್ಲಿ ತಾಯಿಯಾಗಿ ನಿಮಗೂ ಒಂದು ಮಾತು. ಮುಂದಿನ ಸಲ ಮಗಳು ಮತ ಹಾಕಿ ಬಂದಾಗ ‘ಯಾರಿಗೆ ಹಾಕಿದೆ?’ ಎಂದು ಕೇಳಬೇಡಿ. ಅವಳಾಗಿ ಹೇಳಿದರೆ ಕೇಳಿಸಿಕೊಳ್ಳಿ. ಗುಟ್ಟಿನ ಮತ ಎಂದರೆ ಅಮ್ಮನಿಗೂ ಗುಟ್ಟು ಎಂದು ಮನೆಯಲ್ಲಿ ಒಮ್ಮೆ ಅನುಭವವಾದರೆ ಸಾಕು, ಮತ್ತೆ ವಿವರಿಸಬೇಕಿಲ್ಲ.

ಸೋಲಿನ ವಿಚಾರಕ್ಕೆ ಬರುತ್ತೇನೆ. ಪಠ್ಯದಲ್ಲಿ ಮತದಾರರ ಪಟ್ಟಿ, ನಾಮಪತ್ರ, ಮತಗಟ್ಟೆ, ಎಣಿಕೆ ಎಲ್ಲ ಇರುತ್ತದೆ, ‘ಗೆದ್ದವರು ಅಧಿಕಾರ ವಹಿಸಿಕೊಳ್ಳುತ್ತಾರೆ’ ಎಂಬಲ್ಲಿಗೆ ಪಾಠ ಮುಗಿಯುತ್ತದೆ. ಸೋತವರು ಏನು ಮಾಡುತ್ತಾರೆ ಎಂಬುದನ್ನು ಯಾರೂ ಕಲಿಸುವುದಿಲ್ಲ. ಪ್ರಜಾಪ್ರಭುತ್ವ ನಿಂತಿರುವುದೇ ಅದರ ಮೇಲೆ ಎಂದು ನಾನು ಬಲವಾಗಿ ನಂಬಿದ್ದೇನೆ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಎಂಬ ಸಣ್ಣ ದೇಶದ ಕಥೆ ಮಕ್ಕಳಿಗೆ ಬಹಳ ಹಿಡಿಸುತ್ತದೆ. ಓದು ಬರಹ ಬಾರದವರಿಗೂ ಅನುಕೂಲವಾಗಲಿ ಎಂದು ಅಲ್ಲಿ ದಶಕಗಳಿಂದ ಗೋಲಿಯಲ್ಲಿ ಮತ ಹಾಕುತ್ತಾರೆ. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಬಣ್ಣದ ಡ್ರಮ್ಮು, ಅದರ ಮೇಲೆ ಅವರ ಚಿತ್ರ. ಮರೆಗೆ ಹೋಗಿ ತಮಗೆ ಬೇಕಾದ ಡ್ರಮ್ಮಿನ ಕೊಳವೆಗೆ ಗೋಲಿ ಹಾಕಿದರೆ ಒಳಗಿನ ಗಂಟೆ ‘ಟಿಣ್’ ಎನ್ನುತ್ತದೆ. ಎರಡು ಸಲ ಸದ್ದಾದರೆ ಯಾರೋ ಎರಡು ಗೋಲಿ ಹಾಕಿದರೆಂದು ಹೊರಗಿದ್ದವರಿಗೆ ಗೊತ್ತಾಗುತ್ತದೆ. ಈ ಪದ್ಧತಿಯಲ್ಲೇ 2016ರ ಡಿಸೆಂಬರಿನಲ್ಲಿ ನಡೆದ ಚುನಾವಣೆಯಲ್ಲಿ, 22 ವರ್ಷ ಆಳಿದ್ದ ಯಾಹ್ಯಾ ಜಮ್ಮೆ ಸೋತರು, ಅಡಾಮಾ ಬ್ಯಾರೋ ಗೆದ್ದರು. ಜಮ್ಮೆ ಮೊದಲು ಸೋಲೊಪ್ಪಿಕೊಂಡರು, ವಾರ ಕಳೆದ ಮೇಲೆ ಒಪ್ಪುವುದಿಲ್ಲ ಎಂದುಬಿಟ್ಟರು. ನೆರೆಯ ದೇಶಗಳು ಸೇನೆ ಕಳುಹಿಸಿ ಒತ್ತಡ ತಂದ ಮೇಲೆ, 2017ರ ಜನವರಿಯಲ್ಲಿ ದೇಶ ಬಿಟ್ಟು ಹೋದರು. ಗೋಲಿ, ಗಂಟೆ, ಡ್ರಮ್ಮು ಎಲ್ಲ ಸರಿಯಾಗಿತ್ತು. ಸೋತವರೊಬ್ಬರು ಒಪ್ಪದೆ ಇದ್ದದ್ದರಿಂದ ದೇಶವೇ ಯುದ್ಧದ ಅಂಚಿಗೆ ಬಂತು.

ಇದರ ಪಕ್ಕದಲ್ಲಿ ಘಾನಾದ ಅಕುಫೋ-ಅಡ್ಡೊ ಅವರನ್ನು ಇಟ್ಟು ನೋಡಿ. 2008ರಲ್ಲಿ ಅಷ್ಟು ಕಡಿಮೆ ಅಂತರದಲ್ಲಿ ಸೋತರು. 2012ರಲ್ಲಿ ಮತ್ತೆ ಸೋತರು. ಎಣಿಕೆಯಲ್ಲಿ ಲೋಪವಿದೆ ಎಂದು ಸುಪ್ರೀಂ ಕೋರ್ಟಿಗೆ ಹೋದರು, 2013ರಲ್ಲಿ ತೀರ್ಪು ಅವರ ವಿರುದ್ಧ ಬಂತು, ಒಪ್ಪಿಕೊಂಡರು. 2016ರಲ್ಲಿ ಮತ್ತೆ ನಿಂತು ಗೆದ್ದು ಅಧ್ಯಕ್ಷರಾದರು. ಸೋಲು ಒಪ್ಪುವುದೆಂದರೆ ಬಾಯಿ ಮುಚ್ಚಿಕೊಂಡು ಕೂರುವುದಲ್ಲ ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ದೂರು ಕೊಡಬಹುದು, ಪುರಾವೆ ಕೇಳಬಹುದು, ಮತ್ತೆ ಎಣಿಸಿ ಎನ್ನಬಹುದು. ಅದಕ್ಕೆಂದೇ ಇರುವ ಜಾಗದಲ್ಲಿ ಕೇಳಬೇಕು, ಅಲ್ಲಿ ಬಂದ ತೀರ್ಮಾನಕ್ಕೆ ತಲೆಬಾಗಬೇಕು, ಮತ್ತೆ ಬರಬೇಕು.

ಆದರೆ ಒಂದು ಮಗು ಸೋಲನ್ನು ಒಪ್ಪಬೇಕಾದರೆ ಅದಕ್ಕೆ ಮೂರು ಖಾತರಿ ಬೇಕು. ನಿಯಮ ಮೊದಲೇ ಗೊತ್ತಿತ್ತು. ಎಣಿಸಿದ್ದನ್ನು ನಾನು ಕಣ್ಣಾರೆ ನೋಡಿದೆ. ನನಗೆ ಇನ್ನೊಂದು ಅವಕಾಶವಿದೆ. ನಿಮ್ಮ ಮಗಳ ತರಗತಿಯಲ್ಲಿ ಎಣಿಕೆ ಎಲ್ಲರ ಮುಂದೆ ಆಗಿದೆ. ಅಭ್ಯರ್ಥಿಗಳು ಮೂವರಾದರೆ ಏನು ಮಾಡುವುದೆಂದು ಮೊದಲೇ ಚರ್ಚಿಸಿದ್ದಂತೆ ಕಾಣುವುದಿಲ್ಲ. ಇನ್ನು ಮೂರನೆಯದು ಬಹುತೇಕ ಶಾಲೆಗಳಲ್ಲಿ ಇರುವುದೇ ಇಲ್ಲ, ಒಮ್ಮೆ ಆರಿಸಿದ ಲೀಡರ್ ಇಡೀ ವರ್ಷ ಇರುತ್ತಾನೆ. ಹತ್ತು ವರ್ಷದವರಿಗೆ ಒಂದು ವರ್ಷ ಎಂದರೆ ಮುಗಿಯದಷ್ಟು ದೂರ. ಟೀಚರ್‌ಗೆ ನೀವು ಒಂದೇ ಸಲಹೆ ಕೊಡುವಂತಿದ್ದರೆ ಇದನ್ನು ಕೊಡಿ: ಅವಧಿಯನ್ನು ಎರಡು ತಿಂಗಳಿಗೆ ಇಳಿಸಿ. ಸೋತವರು ಮತ್ತೆ ನಿಲ್ಲಬಹುದು, ಗೆದ್ದವರಿಗೆ ಮತ್ತೆ ಬರಬೇಕಲ್ಲ ಎಂಬ ಎಚ್ಚರ ಇರುತ್ತದೆ.

ಚುನಾವಣೆಯನ್ನು ಹೇಗೆ ನಡೆಸಬಹುದು ಎಂಬುದಕ್ಕೆ ದಾರಿಗಳು ಹಲವಿವೆ, ಒಂದೊಂದಕ್ಕೂ ಅದರದೇ ತೊಂದರೆಗಳಿವೆ. ಚೀಟಿಯಲ್ಲಿ ಒಂದೇ ಹೆಸರಿಗೆ ಗುರುತು ಹಾಕಿ ಅತಿ ಹೆಚ್ಚು ಮತ ಬಂದವರನ್ನು ಆರಿಸುವುದು ಎಲ್ಲಕ್ಕಿಂತ ಸುಲಭ, ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ಆದರೆ 13-11-10ರ ತಕರಾರು ಉಳಿಯುತ್ತದೆ. ಎರಡು ಸುತ್ತು ನಡೆಸಿದರೆ ಕೊನೆಗೆ ಗೆದ್ದವರಿಗೆ ಅರ್ಧಕ್ಕಿಂತ ಹೆಚ್ಚು ಬೆಂಬಲ ಇರುತ್ತದೆ, ಸೋತವರಿಗೂ ಸಮಾಧಾನ. ಆದರೆ ಎರಡು ಸುತ್ತಿನ ನಡುವೆ ಇಡೀ ದಿನ ಬಿಟ್ಟರೆ ‘ನಮ್ಮ ಕಡೆ ಬಾ’ ಎಂಬ ಒತ್ತಾಯ ಶುರುವಾಗುತ್ತದೆ. ಎರಡನೇ ಸುತ್ತು ಅದೇ ಅವಧಿಯಲ್ಲಿ ಆಗಬೇಕು. ಮೂರನೆಯದು, ಎಲ್ಲ ಹೆಸರುಗಳ ಮುಂದೆ 1, 2, 3 ಎಂದು ಬರೆಯಿಸುವುದು. ಆಸ್ಟ್ರೇಲಿಯಾ ಸಂಸತ್ತಿನ ಕೆಳಮನೆಗೆ 1918ರಿಂದ ಹೀಗೇ ಮತ ಹಾಕುತ್ತಾರೆ. ಕಡಿಮೆ ಮತ ಬಂದವರನ್ನು ಕೈಬಿಟ್ಟು, ಅವರ ಚೀಟಿಗಳನ್ನು ಎರಡನೇ ಆಯ್ಕೆಯ ರಾಶಿಗೆ ಹಾಕುತ್ತ ಹೋಗುತ್ತಾರೆ. ಹತ್ತು ವರ್ಷ ದಾಟಿದ ಮಕ್ಕಳೊಂದಿಗೆ ನನಗೆ ಅತ್ಯಂತ ಇಷ್ಟವಾದ ಪದ್ಧತಿ ಇದು, ಏಕೆಂದರೆ ಚೀಟಿಗಳು ಒಂದು ರಾಶಿಯಿಂದ ಇನ್ನೊಂದಕ್ಕೆ ಹೋಗುವುದನ್ನು ಅವರು ಉಸಿರು ಬಿಗಿಹಿಡಿದು ನೋಡುತ್ತಾರೆ. ತೊಂದರೆ ಎಂದರೆ ಎಣಿಕೆ ನಿಧಾನ, ತಪ್ಪು ಗುರುತಿನ ಚೀಟಿಗಳು ಜಾಸ್ತಿ.

ತಪ್ಪು ಗುರುತು ಎಂದಾಗ ನೆನಪಾಯಿತು. ಯಾವ ಗುರುತಿದ್ದರೆ ಮತ ಸಿಂಧು, ಯಾವುದಿದ್ದರೆ ಅಸಿಂಧು ಎಂದು ಮಕ್ಕಳೇ ಮುಂಚಿತವಾಗಿ ಬರೆದಿಡಬೇಕು. 2000ದ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ಫ್ಲೋರಿಡಾ ರಾಜ್ಯದ ಕೆಲವೆಡೆ ಮತಪತ್ರಕ್ಕೆ ತೂತು ಮಾಡುವ ಪದ್ಧತಿ ಇತ್ತು. ಅರ್ಧ ತೂತಾಗಿ ಕಾಗದದ ಚೂರು ನೇತಾಡುತ್ತಿದ್ದರೆ ಅದು ಮತವೋ ಅಲ್ಲವೋ ಎಂದು ವಾರಗಟ್ಟಲೆ ಜಗಳ ನಡೆಯಿತು. ಕೊನೆಗೆ ಆ ರಾಜ್ಯದಲ್ಲಿ ಅಧಿಕೃತ ಅಂತರ 537 ಮತ, ಅಧ್ಯಕ್ಷಗಿರಿ ಅದರ ಮೇಲೆ ನಿಂತಿತ್ತು. ಸಮಬಲವಾದರೆ ಏನು ಎಂಬುದನ್ನೂ ಮೊದಲೇ ಬರೆದಿಡಿ. 2017ರಲ್ಲಿ ಅಮೆರಿಕದ ವರ್ಜೀನಿಯಾ ಶಾಸನಸಭೆಯ ಒಂದು ಕ್ಷೇತ್ರದಲ್ಲಿ ಇಬ್ಬರಿಗೂ ತಲಾ 11,608 ಮತ ಬಂದು, ಬಟ್ಟಲಿನಿಂದ ಚೀಟಿ ಎತ್ತಿ ಗೆದ್ದವರನ್ನು ಘೋಷಿಸಬೇಕಾಯಿತು. ಹಾಗೆಂದು ‘ನಿನ್ನ ಒಂದು ಮತವೇ ದೇಶದ ಭವಿಷ್ಯ’ ಎಂದು ಮಕ್ಕಳಿಗೆ ಉತ್ಪ್ರೇಕ್ಷೆ ಮಾಡಬೇಡಿ. ಇಂಥ ಸಂದರ್ಭಗಳು ಬಹಳ ಅಪರೂಪ, ಮಕ್ಕಳಿಗೆ ಅದು ಬೇಗ ಗೊತ್ತಾಗುತ್ತದೆ. ಪ್ರತಿಯೊಬ್ಬರ ಮತಕ್ಕೂ ಒಂದೇ ತೂಕ, ಶಾಲೆಯ ಅತ್ಯಂತ ಜಾಣೆಗೂ ಒಂದೇ, ನಿನ್ನೆ ಸೇರಿದ ಹೊಸಬನಿಗೂ ಒಂದೇ, ಇದನ್ನು ಹೇಳಿ. ಇದು ನಿಜ, ಮಕ್ಕಳಿಗೆ ಇದು ಇಷ್ಟವೂ ಆಗುತ್ತದೆ.

ಹೊಸಬನ ಹೆಸರು ಪಟ್ಟಿಯಲ್ಲಿದೆಯೇ, ಅಂದು ಗೈರುಹಾಜರಾದವಳು ಮತ ಹಾಕುವುದು ಹೇಗೆ ಎಂಬುದನ್ನೂ ಮಕ್ಕಳ ಮುಂದಿಡಿ. ಮತದಾರರ ಪಟ್ಟಿಯನ್ನು ಅವರೇ ತಯಾರಿಸಲಿ. ಭಾರತದ ಮೊದಲ ಮಹಾಚುನಾವಣೆ ನಡೆದದ್ದು 1951-52ರಲ್ಲಿ. ಅದಕ್ಕಾಗಿ ಪಟ್ಟಿ ತಯಾರಿಸುವಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಇದನ್ನು ಒಪ್ಪಲಿಲ್ಲ, ಕೊನೆಗೆ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಇದನ್ನು ಹೇಳಿದಾಗ ಮಕ್ಕಳು ಎರಡು ಬಣವಾಗಿ ವಾದಕ್ಕಿಳಿಯುತ್ತಾರೆ. ಹೆಸರು ತೆಗೆದದ್ದು ಸರಿಯೋ, ಅವರ ಹಕ್ಕು ಹೋಯಿತಲ್ಲವೋ? ವಾದ ಮುಗಿಸಲು ಅವಸರ ಮಾಡಬಾರದು.

ಟೀಚರ್‌ಗೆ ಹೇಳಬೇಕಾದ ಇನ್ನೊಂದು ಮಾತು, ಲೀಡರ್ ಆದವರು ಮಾಡಬೇಕಾದ ಕೆಲಸ ಏನು ಎಂಬುದು. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದಷ್ಟೇ ಲೀಡರ್ ಕೆಲಸವಾದರೆ ಅದಕ್ಕೆ ಚುನಾವಣೆ ಬೇಡ. ಅದು ಶಿಕ್ಷಕರ ಪರವಾಗಿ ಕಾವಲು ಕಾಯುವ ಕೆಲಸ, ಸಹಪಾಠಿಗಳ ಪ್ರತಿನಿಧಿಯ ಕೆಲಸವಲ್ಲ. ಮಾಡಲು ನಿಜವಾದ ಕೆಲಸ ಇಲ್ಲದ ಹುದ್ದೆಗೆ ಚುನಾವಣೆ ನಡೆಸಿದರೆ ಅದು ಯಾರು ಜನಪ್ರಿಯರು ಎಂಬ ಸ್ಪರ್ಧೆಯಾಗುತ್ತದೆ, ಮಕ್ಕಳು ಪೆನ್ಸಿಲ್ ಹಂಚುವುದು ಆಗಲೇ. ಆಟದ ಸಾಮಾನಿನ ಸರದಿ ನಿರ್ಧರಿಸುವುದು, ತರಗತಿಯ ದೂರುಗಳನ್ನು ಮುಖ್ಯ ಶಿಕ್ಷಕರ ಮುಂದಿಡುವುದು, ಏನಾಯಿತೆಂದು ಬಂದು ವರದಿ ಹೇಳುವುದು, ಹೀಗೆ ಎರಡು ಮೂರಾದರೂ ನಿಜವಾದ ಅಧಿಕಾರ ಕೊಟ್ಟು ನೋಡಿ. ಅಭ್ಯರ್ಥಿಗಳ ಭಾಷಣವೇ ಬದಲಾಗುತ್ತದೆ.

ಮತಕ್ಕೆ ಹಾಕಬಾರದ ವಿಷಯಗಳೂ ಇವೆ. ‘ಇವನನ್ನು ನಮ್ಮ ಗುಂಪಿಗೆ ಸೇರಿಸಿಕೊಳ್ಳಬೇಕೇ’, ‘ಅವಳ ಪಕ್ಕ ಯಾರು ಕೂರಬೇಕು’ ಎಂಬುದಕ್ಕೆ ಮಕ್ಕಳು ಉತ್ಸಾಹದಿಂದ ಚೀಟಿ ಹರಿಯಲು ಶುರು ಮಾಡುತ್ತಾರೆ. ಅದನ್ನು ಆ ಕ್ಷಣವೇ ನಿಲ್ಲಿಸಬೇಕು. 33 ಮಕ್ಕಳು ಸೇರಿ ಒಂದು ಮಗುವನ್ನು ಹೊರಗಿಡುವುದು ಬಹುಮತದ ತೀರ್ಮಾನವಾದರೂ ಅನ್ಯಾಯವೇ. ಸಂವಿಧಾನಗಳಲ್ಲಿ ಮೂಲಭೂತ ಹಕ್ಕುಗಳನ್ನು ಬರೆದಿಟ್ಟಿರುವುದು ಇದೇ ಕಾರಣಕ್ಕೆ ಎಂದು ಹತ್ತು ವರ್ಷದವರಿಗೆ ಹೇಳಿದರೆ ತಲೆಯಾಡಿಸಿ ಒಪ್ಪುತ್ತಾರೆ, ಏಕೆಂದರೆ ಹೊರಗಿಟ್ಟಾಗ ಹೇಗಿರುತ್ತದೆ ಎಂಬುದು ಪ್ರತಿ ಮಗುವಿಗೂ ಗೊತ್ತು.

ನಿಮ್ಮ ಮಾವನವರೋ ತಂದೆಯವರೋ, ಆ ಹಿರಿಯರ ಮಾತಿನಲ್ಲಿ ಕಾಳಜಿ ಇದೆ. ಪಕ್ಷಗಳ ಜಗಳ ಮಗುವಿನ ತಲೆಗೆ ಬೇಡ ಎಂಬಷ್ಟರ ಮಟ್ಟಿಗೆ ನಾನೂ ಅವರ ಜೊತೆಗಿದ್ದೇನೆ. ಆದರೆ ಮಗು ಟಿವಿಯಲ್ಲಿ, ಬಸ್ಸಿನಲ್ಲಿ, ಮನೆಗೆ ಬಂದವರ ಬಾಯಲ್ಲಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಲೇ ಇದೆ. ಕೇಳಿಸಿಕೊಂಡದ್ದನ್ನು ತೂಗಿ ನೋಡುವುದನ್ನು ಕಲಿಸದಿದ್ದರೆ ಗಟ್ಟಿಯಾಗಿ ಕೂಗಿದವರ ಮಾತೇ ಅದಕ್ಕೆ ಸತ್ಯವಾಗುತ್ತದೆ. ನಿಮ್ಮ ಪತಿಯ ‘ಲೋಕ ಇರುವುದೇ ಹೀಗೆ’ ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. ಮಗು ಕೇಳುತ್ತಿರುವುದು ‘ಇದನ್ನು ಸರಿಪಡಿಸಬಹುದೇ’ ಎಂದು, ಆ ಉತ್ತರ ಬಾಗಿಲು ಹಾಕಿಬಿಡುತ್ತದೆ. ಕೈ ಎತ್ತುವ ಬದಲು ಚೀಟಿ ಬಂದದ್ದು, ಹೆಂಗಸರಿಗೆ ಮತದ ಹಕ್ಕು ಬಂದದ್ದು (ನ್ಯೂಜಿಲೆಂಡಿನಲ್ಲಿ 1893ರಲ್ಲೇ, ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಚುನಾವಣೆಗಳಲ್ಲಿ 1971ರಷ್ಟು ತಡವಾಗಿ) ಎಲ್ಲವೂ ಹೀಗೆ ಕೇಳಿದವರಿಂದಲೇ ಆದದ್ದು.

ನಿಮ್ಮ ಅಭಿಪ್ರಾಯ ಮಗಳ ಮೇಲೆ ಹೇರುವ ಭಯದ ಬಗ್ಗೆ ಜರ್ಮನಿಯ ಶಿಕ್ಷಕರು ಬಹಳ ಯೋಚಿಸಿದ್ದಾರೆ. ನಾಜಿ ಕಾಲದಲ್ಲಿ ಶಾಲೆಗಳು ಮಕ್ಕಳನ್ನು ಹೇಗೆ ಬಳಸಿಕೊಂಡವು ಎಂಬ ನೆನಪು ಅವರಿಗಿತ್ತು. 1976ರಲ್ಲಿ ಬಾಯ್ಟೆಲ್ಸ್‌ಬಾಕ್ ಎಂಬ ಊರಿನಲ್ಲಿ ನಡೆದ ಚರ್ಚೆಯಿಂದ ಮೂರು ಸೂತ್ರಗಳು ಹೊರಬಂದವು. ಮಗುವಿನ ಮೇಲೆ ಅಭಿಪ್ರಾಯ ಹೇರಬಾರದು. ಸಮಾಜದಲ್ಲಿ ವಿವಾದವಿರುವ ವಿಷಯವನ್ನು ವಿವಾದವಿದೆ ಎಂದೇ ಕಲಿಸಬೇಕು. ತನ್ನ ಸ್ಥಿತಿ, ತನ್ನ ಹಿತ ಯಾವುದೆಂದು ಮಗುವೇ ಯೋಚಿಸುವ ಶಕ್ತಿ ಬೆಳೆಸಬೇಕು. ಮನೆಯಲ್ಲಿ ಇದು ಕಷ್ಟವಲ್ಲ. ‘ಅಮ್ಮ, ನೀನು ಯಾರಿಗೆ ಹಾಕುತ್ತೀಯ?’ ಎಂದರೆ ಹೇಳುವುದೋ ಬಿಡುವುದೋ ನಿಮ್ಮಿಷ್ಟ. ಹೇಳಿದರೆ ಕಾರಣ ಕೊಟ್ಟು ಹೇಳಿ, ‘ನಿನ್ನ ಚಿಕ್ಕಮ್ಮ ಬೇರೆಯವರಿಗೆ ಹಾಕುತ್ತಾಳೆ, ಅವಳ ಕಾರಣ ಇದು’ ಎಂದು ಅವರ ಪರವಾಗಿ ನ್ಯಾಯವಾಗಿ ಹೇಳಿ. ಎದುರು ಪಕ್ಷದವರ ಕಾರಣವನ್ನು ನೀವು ಗೌರವದಿಂದ ಹೇಳಬಲ್ಲಿರಾದರೆ ನಿಮ್ಮ ಭಯಕ್ಕೆ ಆಧಾರವಿಲ್ಲ. ಹೇಳಲಾಗದಿದ್ದರೆ ಆ ವಿಷಯ ಸದ್ಯಕ್ಕೆ ಬಿಡಿ.

ಇನ್ನು ನಿಮ್ಮ ಮಗ. ಮಕ್ಕಳು ಗೋಲಿ ಆಡುವುದನ್ನು ಗಮನಿಸಿದ ಸ್ವಿಸ್ ಮನೋವಿಜ್ಞಾನಿ ಜಾನ್ ಪಿಯಾಜೆ 1932ರಲ್ಲಿ ಬರೆದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸಣ್ಣ ಮಕ್ಕಳಿಗೆ ಆಟದ ನಿಯಮವೆಂದರೆ ಹಿರಿಯರಿಂದ ಬಂದದ್ದು, ಮುಟ್ಟಬಾರದ್ದು. ಹತ್ತು ಹನ್ನೊಂದರ ಸುಮಾರಿಗೆ, ಎಲ್ಲರೂ ಒಪ್ಪಿದರೆ ನಿಯಮ ಬದಲಿಸಬಹುದು ಎಂದು ಅವರಿಗೆ ಹೊಳೆಯುತ್ತದೆ. ನಿಮ್ಮ ಮಗಳು ಸರಿಯಾಗಿ ಆ ಹೊಸ್ತಿಲಲ್ಲಿದ್ದಾಳೆ, ಅದಕ್ಕೇ ಅವಳ ಪ್ರಶ್ನೆಗಳು ಇಷ್ಟು ಚೂಪಾಗಿವೆ. ಆರು ವರ್ಷದವನಿಗೆ ಎರಡು ಸುತ್ತು, ಎರಡನೇ ಆಯ್ಕೆ ಯಾವುದೂ ಬೇಡ. ಅವನ ವಯಸ್ಸಿನವರಿಗೆ ವ್ಯಕ್ತಿಗಳ ಮೇಲೆ ಮತ ಹಾಕಿಸುವುದನ್ನೂ ನಾನು ಒಪ್ಪುವುದಿಲ್ಲ. ಒಂದೇ ಒಂದು ಮತ ಬಂದ ಮಗು ಅದನ್ನು ‘ನಾನು ಯಾರಿಗೂ ಬೇಡ’ ಎಂದೇ ಓದಿಕೊಳ್ಳುತ್ತದೆ. ಲೀಡರ್ ಕೆಲಸ ಅವರಲ್ಲಿ ಸರದಿಯ ಮೇಲೆ ಹೋಗಲಿ, ಇಲ್ಲವೇ ಚೀಟಿ ಎತ್ತಿ ಆರಿಸಲಿ. ಪ್ರಾಚೀನ ಅಥೆನ್ಸ್‌ನಲ್ಲಿ 500 ಜನರ ಸಭೆಗೆ ಸದಸ್ಯರನ್ನು ಆರಿಸುತ್ತಿದ್ದದ್ದೂ ಚೀಟಿಯಂಥ ಅದೃಷ್ಟದ ಆಯ್ಕೆಯಿಂದಲೇ. ಮತ ಹಾಕುವ ಅಭ್ಯಾಸ ಬೇಕಾದರೆ ಇವತ್ತು ಯಾವ ಕಥೆ, ಯಾವ ಆಟ ಎಂಬುದಕ್ಕೆ ಹಾಕಲಿ. ಸೋತ ಕಥೆಗೆ ನಾಳೆ ಸರದಿ ಕೊಡಿ, ಆ ಮಾತನ್ನು ತಪ್ಪದೆ ನಡೆಸಿ.

ಮಗಳ ಮಟ್ಟಿಗೆ ಈ ವಾರ ಮಾಡಬಹುದಾದದ್ದು ಒಂದಿದೆ. ಆ 34 ಚೀಟಿಗಳ ಲೆಕ್ಕವನ್ನು ಅವಳೇ ಒಂದು ಹಾಳೆಯಲ್ಲಿ ಬರೆದು, ‘ಮುಂದಿನ ಸಲ ಚೀಟಿ ಬಳಸೋಣ, ಎರಡು ಸುತ್ತು ಮಾಡೋಣ, ಎರಡು ತಿಂಗಳಿಗೊಮ್ಮೆ ಆರಿಸೋಣ’ ಎಂದು ಟೀಚರ್‌ಗೆ ಮನವಿ ಕೊಡಲಿ. ಗೆದ್ದ ಹುಡುಗನನ್ನೂ ಎರಡನೇ ಸ್ಥಾನದ ಹುಡುಗಿಯನ್ನೂ ಸಹಿ ಹಾಕಲು ಕೇಳಲಿ. ಅವನು ಹಾಕದೇ ಇರಬಹುದು, ಅದನ್ನೂ ಅವಳಿಗೆ ಮೊದಲೇ ಹೇಳಿರಿ. ಮನವಿ ಹೊರಡುವ ಮೊದಲು ಟೀಚರ್ ಹತ್ತಿರ ನೀವು ಒಂದು ಮಾತು ಆಡಿ: ಹೋದ ವಾರದ ಫಲಿತಾಂಶ ರದ್ದಾಗಬಾರದು, ಈಗಿನ ಲೀಡರ್ ತನ್ನ ಅವಧಿ ಮುಗಿಸಬೇಕು, ಬದಲಾವಣೆ ಏನಿದ್ದರೂ ಮುಂದಿನ ಚುನಾವಣೆಯಿಂದ.